ಪರದೇಶದಲ್ಲಿ ಪಾಸ್‌ಪೋರ್ಟು, ಕಾರ್ಡು ಕಳೆದಾಗ

ಪಾಸ್‌ಪೋರ್ಟ್ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವವರ ಸ್ವತ್ತಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ ಅದು ಎಲ್ಲ ಕಾಲಕ್ಕೂ ಕೇಂದ್ರ ಸರ್ಕಾರದ ಸ್ವತ್ತು. ಡೆಬಿಟ್ ಕಾರ್ಡಾಗಲಿ ಕ್ರೆಡಿಟ್ ಕಾರ್ಡಾಗಲಿ ಅದನ್ನು ಕೊಟ್ಟ ಬ್ಯಾಂಕಿನದೇ ಎಂದು ಕರಾರು ಪತ್ರದ ಸಣ್ಣಕ್ಷರಗಳು ಹೇಳುತ್ತವೆ. ಹಾಗಾಗಿ ಪರದೇಶದಲ್ಲಿ ಕೈಚೀಲವೊಂದು ಕಳೆದಾಗ ಆಗಬೇಕಾದ ಕೆಲಸವೆಂದರೆ, ಯಾವ ಕಾಗದ ಯಾರದ್ದೋ ಅವರಿಗೆ ಸುದ್ದಿ ಮುಟ್ಟಿಸಿ, ಮುಟ್ಟಿಸಿದ್ದಕ್ಕೆ ಬರಹದ ಗುರುತು ಪಡೆದುಕೊಳ್ಳುವುದು. ಕೆಲಸ ಇಷ್ಟೇ ಆದರೂ ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬ ಕ್ರಮದಲ್ಲಿ ಹೆಚ್ಚಿನವರು ಎಡವುತ್ತಾರೆ.

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಿಂದ ವಿದೇಶಕ್ಕೆ ಹೊರಡುವವರಲ್ಲಿ ಮಗನ ಅಥವಾ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿ ತಿಂಗಳುಗಟ್ಟಲೆ ಇದ್ದು ಬರುವ ನಿವೃತ್ತ ತಂದೆತಾಯಂದಿರಿದ್ದಾರೆ, ಸಿಂಗಪುರ, ಥಾಯ್ಲೆಂಡ್, ದುಬೈಗಳಿಗೆ ಪ್ಯಾಕೇಜ್ ಟೂರ್ ಮಾಡುವ ಕುಟುಂಬಗಳಿವೆ, ಪಶುಪತಿನಾಥನ ದರ್ಶನಕ್ಕೆಂದು ಕಠ್ಮಂಡುವಿಗೆ ಹೋಗುವ ಯಾತ್ರಿಕರಿದ್ದಾರೆ. ಇವರ ಕಾಗದಪತ್ರಗಳೂ ಅನುಕೂಲಗಳೂ ಬೇರೆ ಬೇರೆ. ತಪ್ಪು ಮಾತ್ರ ಸಾಮಾನ್ಯವಾಗಿ ಒಂದೇ. ಪಾಸ್‌ಪೋರ್ಟ್ ಕಾಣದಿದ್ದೊಡನೆ ಉಳಿದೆಲ್ಲವನ್ನೂ ಮರೆತು ಅದರ ಹಿಂದೆಯೇ ಓಡುವುದು ಆ ತಪ್ಪು. ಪಾಸ್‌ಪೋರ್ಟ್ ಇನ್ನೂ ಒಂದು ದಿನ ಕಳ್ಳನ ಕೈಯಲ್ಲಿದ್ದರೆ ಆಗುವ ಹಾನಿಗಿಂತ, ಕಾರ್ಡು ಮತ್ತು ಸಿಮ್ ಇನ್ನೂ ಒಂದು ಗಂಟೆ ಅವನ ಕೈಯಲ್ಲಿದ್ದರೆ ಆಗುವ ಹಾನಿ ಹೆಚ್ಚು. ಆದ್ದರಿಂದ ಮೊದಲು ಬ್ಯಾಂಕು, ಅದರ ಬೆನ್ನಿಗೇ ಸಿಮ್, ಅನಂತರ ಪೊಲೀಸ್ ಠಾಣೆ, ಅದಾದ ಮೇಲೆ ಭಾರತೀಯ ರಾಯಭಾರ ಕಚೇರಿ ಎಂಬುದೇ ಸರಿಯಾದ ಸಾಲು.

ಕಾರ್ಡು ಮತ್ತು ಸಿಮ್

ಭಾರತದೊಳಗೆ ಕಾರ್ಡಿನಿಂದ ಆನ್‌ಲೈನ್ ಪಾವತಿ ಮಾಡುವಾಗ ಒಟಿಪಿ, ಅಂದರೆ ಮೊಬೈಲಿಗೆ ಬರುವ ಒಂದು ಸಲದ ಗುಪ್ತಸಂಖ್ಯೆ ಕೇಳುವುದು ಎಷ್ಟು ಅಭ್ಯಾಸವಾಗಿಬಿಟ್ಟಿದೆಯೆಂದರೆ, ಒಟಿಪಿ ಇಲ್ಲದೆ ಹಣ ಹೋಗುವುದಿಲ್ಲವೆಂಬ ನಂಬಿಕೆ ಬೆಂಗಳೂರಿನ ಗ್ರಾಹಕರಲ್ಲಿ ಗಟ್ಟಿಯಾಗಿ ಬೇರೂರಿದೆ. ವಿದೇಶಿ ವ್ಯಾಪಾರಿಗಳ ಜಾಲತಾಣಗಳಲ್ಲಿ ಆ ನಂಬಿಕೆಗೆ ಆಧಾರವಿಲ್ಲ. ಅಲ್ಲಿ ಬಹಳಷ್ಟು ಕಡೆ ಕಾರ್ಡಿನ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಮತ್ತು ಹಿಂಬದಿಯ ಮೂರು ಅಂಕಿಗಳಿದ್ದರೆ ವಹಿವಾಟು ಮುಗಿದುಹೋಗುತ್ತದೆ. ಇದನ್ನು ಗಮನದಲ್ಲಿಟ್ಟುಕೊಂಡೇ ಭಾರತೀಯ ರಿಸರ್ವ್ ಬ್ಯಾಂಕ್ 2020ರ ಜನವರಿ 15ರಂದು ಆದೇಶವೊಂದನ್ನು ಹೊರಡಿಸಿ, ಹೊಸದಾಗಿ ಕೊಡುವ ಕಾರ್ಡುಗಳು ಭಾರತದೊಳಗಿನ ಎಟಿಎಂ ಮತ್ತು ಅಂಗಡಿಯ ಸ್ವೈಪ್ ಯಂತ್ರಗಳಲ್ಲಷ್ಟೇ ನಡೆಯಬೇಕು, ವಿದೇಶಿ ಬಳಕೆಯನ್ನು ಗ್ರಾಹಕರೇ ಬೇಕೆಂದಾಗ ತೆರೆದು ಬೇಡವೆಂದಾಗ ಮುಚ್ಚುವ ಸೌಲಭ್ಯ ದಿನದ 24 ಗಂಟೆಯೂ ಇರಬೇಕು ಎಂದು ಬ್ಯಾಂಕುಗಳಿಗೆ ವಿಧಿಸಿತು. ಹೊರಡುವ ಮುನ್ನ ಬ್ಯಾಂಕಿನ ಆ್ಯಪಿನಲ್ಲಿ ತೆರೆದ ಆ ಸೌಲಭ್ಯವನ್ನು ಮುಚ್ಚುವುದೇ ಕಾರ್ಡು ಕಳೆದಾಗಿನ ಮೊದಲ ಕೆಲಸ. ಸಹಾಯವಾಣಿಯ ಸಾಲಿನಲ್ಲಿ ಸಂಗೀತ ಕೇಳುತ್ತ ಕಾಯುವ ಹೊತ್ತಿನಲ್ಲಿ ಇದು ಮುಗಿದಿರುತ್ತದೆ.

ಇದು ತಾತ್ಕಾಲಿಕ ತಡೆ ಮಾತ್ರ. ಕಾರ್ಡನ್ನು ಕಾಯಂ ಆಗಿ ಬ್ಲಾಕ್ ಮಾಡಿಸುವುದು ಇದರ ಮುಂದಿನ ಹೆಜ್ಜೆ, ಮತ್ತು ಅದಕ್ಕೆ ಎಫ್‌ಐಆರ್ ತಂದುಕೊಡಿ ಎಂದು ಯಾರಾದರೂ ಹೇಳಿದರೆ ಅದು ನಿಯಮಕ್ಕೆ ವಿರುದ್ಧ. ಕಾರ್ಡು ಕಳೆದ ಸುದ್ದಿ ಬಂದ ಕೂಡಲೇ ಬ್ಯಾಂಕು ಅದನ್ನು ಬ್ಲಾಕ್ ಮಾಡಬೇಕು, ಪೊಲೀಸ್ ದೂರಿನಂಥ ವಿಧಿವಿಧಾನಗಳೇನಿದ್ದರೂ ಆಮೇಲೆ ಸೂಕ್ತ ಕಾಲಾವಧಿಯಲ್ಲಿ ನಡೆಯಬಹುದು ಎಂದು ರಿಸರ್ವ್ ಬ್ಯಾಂಕಿನ 2022ರ ಕಾರ್ಡು ನಿರ್ದೇಶನಗಳು ಸ್ಪಷ್ಟವಾಗಿ ಹೇಳುತ್ತವೆ. ತೊಡಕು ಬರುವುದು ಬೇರೆ ಕಡೆಯಿಂದ: ಕಾರ್ಡಿನ ಹಿಂದೆ ಅಚ್ಚಾಗಿರುವ 1800ರಿಂದ ಆರಂಭವಾಗುವ ಉಚಿತ ಸಂಖ್ಯೆ ಸಾಮಾನ್ಯವಾಗಿ ವಿದೇಶದಿಂದ ಸಿಗುವುದಿಲ್ಲ, ಸಿಗುವ +91 ಸಂಖ್ಯೆ ಬರೆದಿದ್ದ ಕಾರ್ಡೇ ಕಳೆದುಹೋಗಿರುತ್ತದೆ. ಸಂಖ್ಯೆ ಸಿಕ್ಕಿ ಮಾತಾಡಿದ ಮೇಲೆ ದೂರಿನ ಸಂಖ್ಯೆಯನ್ನೂ ಮಾತಾಡಿದ ಸಮಯವನ್ನು ಭಾರತೀಯ ಕಾಲಮಾನದಲ್ಲೂ ಬರೆದಿಟ್ಟುಕೊಂಡು, ಅದೇ ವಿಷಯವನ್ನು ಇಮೇಲ್ ಮೂಲಕವೂ ಕಳುಹಿಸಬೇಕು, ಏಕೆಂದರೆ ಮುಂದಿನ ಲೆಕ್ಕವೆಲ್ಲ ಈ ಸಮಯದ ಮೇಲೆ ನಿಂತಿದೆ.

ಆ ಲೆಕ್ಕವನ್ನು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹಾಕಿಕೊಟ್ಟಿದೆ. ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕರದೂ ಅಲ್ಲದೆ ಮೂರನೆಯವರ ಕೈವಾಡದಿಂದ ಅನಧಿಕೃತ ವಹಿವಾಟು ನಡೆದಿದ್ದರೆ, ಬ್ಯಾಂಕಿನ ಸಂದೇಶ ತಲುಪಿದ 3 ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರ ಮೇಲೆ ಯಾವ ಹೊಣೆಯೂ ಬೀಳುವುದಿಲ್ಲ. 4ರಿಂದ 7 ದಿನಗಳೊಳಗೆ ತಿಳಿಸಿದರೆ ಮಾಮೂಲಿ ಉಳಿತಾಯ ಖಾತೆಯವರ ಹೊಣೆ ಪ್ರತಿ ವಹಿವಾಟಿಗೆ ಹೆಚ್ಚೆಂದರೆ 10,000 ರೂಪಾಯಿ, 5 ಲಕ್ಷಕ್ಕಿಂತ ಹೆಚ್ಚಿನ ಮಿತಿಯ ಕ್ರೆಡಿಟ್ ಕಾರ್ಡಿನವರದು 25,000 ರೂಪಾಯಿ. 7 ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಯಂತೆ. ಆದರೆ ಪಿನ್ ಸಂಖ್ಯೆಯನ್ನು ಕಾರ್ಡಿನ ಕವರಿನ ಮೇಲೆ ಬರೆದಿಟ್ಟಿದ್ದು ಅದರಿಂದ ಹಣ ಹೋಗಿದ್ದರೆ ಅದು ಗ್ರಾಹಕರ ನಿರ್ಲಕ್ಷ್ಯವೆನಿಸಿ, ತಿಳಿಸುವವರೆಗಿನ ನಷ್ಟವೆಲ್ಲ ಅವರದೇ ಆಗುತ್ತದೆ. ತಿಳಿಸಿದ ಮೇಲಿನ ನಷ್ಟ ಯಾವ ಸಂದರ್ಭದಲ್ಲೂ ಬ್ಯಾಂಕಿನದು. ಹಿರಿಯರ ಕಾರ್ಡುಗಳ ವಿಷಯದಲ್ಲಿ ಈ ಕೊನೆಯ ವಾಕ್ಯಕ್ಕೆ ಇರುವ ಬೆಲೆ ದೊಡ್ಡದು, ಪಿನ್ ಬರೆದಿಡುವ ರೂಢಿ ಹೆಚ್ಚಾಗಿರುವುದು ಅವರಲ್ಲೇ. ಬ್ಯಾಂಕು ದೂರಿಗೆ 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರನ್ನು ಶುಲ್ಕವಿಲ್ಲದೆ ವಿಚಾರಿಸುವ ಅಧಿಕಾರಿಗೆ ಬರೆಯಬಹುದು.

ಫೋನೂ ಚೀಲದ ಜೊತೆಗೇ ಹೋಗಿದ್ದರೆ ಸಮಸ್ಯೆಯ ಸ್ವರೂಪವೇ ಬದಲಾಗುತ್ತದೆ. ಪರದೆಗೆ ಬೀಗವಿದ್ದರೂ ಕಳ್ಳನು ಸಿಮ್ ಅನ್ನು ಹೊರತೆಗೆದು ಬೇರೊಂದು ಫೋನಿಗೆ ಹಾಕಿದರೆ ಒಟಿಪಿಗಳೆಲ್ಲ ಅವನಿಗೇ ಬರುತ್ತವೆ; ಇದನ್ನು ತಡೆಯುವ ಸಿಮ್ ಪಿನ್ ಎಂಬ ವ್ಯವಸ್ಥೆ, ಅಂದರೆ ಸಿಮ್ ಬೇರೆ ಫೋನಿಗೆ ಹೋದೊಡನೆ ಅಥವಾ ಫೋನ್ ಆಫ್ ಆಗಿ ಆನ್ ಆದೊಡನೆ ಕೇಳುವ ಸಂಖ್ಯೆ, ಎಲ್ಲ ಫೋನುಗಳಲ್ಲೂ ಇದೆ, ಬಳಸುವವರು ಮಾತ್ರ ಅಪರೂಪ. ಸಿಮ್ ಬ್ಲಾಕ್ ಮಾಡಿಸುವ ಕರೆಯನ್ನು ವಿದೇಶದಲ್ಲಿರುವವರೇ ಮಾಡಬೇಕೆಂದಿಲ್ಲ. ಬಸವೇಶ್ವರನಗರದ ಮನೆಯಲ್ಲಿರುವ ಮಗಳು ವಿವರಗಳನ್ನು ಹೇಳಿ ಕೋರಬಹುದು. ಆದರೆ ಬದಲಿ ಸಿಮ್, ಅಂದರೆ ಅದೇ ಸಂಖ್ಯೆಯ ಇನ್ನೊಂದು ಸಿಮ್ ಪಡೆಯಲು ಸಾಮಾನ್ಯವಾಗಿ ಸಂಖ್ಯೆಯ ಒಡೆಯರೇ ಗುರುತಿನ ದಾಖಲೆಯೊಡನೆ ಹಾಜರಾಗಬೇಕಾಗುತ್ತದೆ, ಸಿಕ್ಕ ಮೇಲೂ ಮೊದಲ 24 ಗಂಟೆ ಅದರಲ್ಲಿ ಎಸ್‌ಎಂಎಸ್ ಬರುವುದಿಲ್ಲ. ಹೀಗೆ ಭಾರತದ ಮೊಬೈಲ್ ಸಂಖ್ಯೆಯೊಂದು ಕೈತಪ್ಪಿದರೆ ಬ್ಯಾಂಕಿನ ಆ್ಯಪ್, ಯುಪಿಐ, ಇಮೇಲ್ ಎಲ್ಲವೂ ಒಂದೇ ಏಟಿಗೆ ಮುಚ್ಚುತ್ತವೆ. ಇಮೇಲ್ ಖಾತೆಯ ಬ್ಯಾಕಪ್ ಕೋಡುಗಳನ್ನು, ಗೂಗಲ್ ಖಾತೆಯಲ್ಲಾದರೆ ತಲಾ 8 ಅಂಕಿಗಳ 10 ಸಂಖ್ಯೆಗಳನ್ನು, ಕಾಗದದ ಮೇಲೆ ಮುದ್ರಿಸಿ ಬೇರೆ ಚೀಲದಲ್ಲಿಟ್ಟುಕೊಂಡವರು ಮಾತ್ರ ಈ ಗೋಡೆಯಲ್ಲಿ ಒಂದು ಕಿಂಡಿಯನ್ನು ಉಳಿಸಿಕೊಂಡಿರುತ್ತಾರೆ.

ಕೈಗೆ ಹಣ

ಹೊಸ ಕಾರ್ಡು ಬರುವುದು ನೋಂದಾಯಿತ ವಿಳಾಸಕ್ಕೆ, ಎಂದರೆ ವಿಜಯನಗರದ ಮನೆಗೆ. ಅದನ್ನು ನೆಚ್ಚಿಕೊಂಡು ಬ್ಯಾಂಕಾಕಿನ ಹೋಟೆಲಿನಲ್ಲಿ ಕೂರಲಾಗದು. ವೀಸಾ, ಮಾಸ್ಟರ್‌ಕಾರ್ಡ್ ಜಾಲಗಳು ಕಾರ್ಡು ಕೊಟ್ಟ ಬ್ಯಾಂಕಿನ ಒಪ್ಪಿಗೆಯ ಮೇರೆಗೆ ತುರ್ತು ನಗದನ್ನೋ ತಾತ್ಕಾಲಿಕ ಕಾರ್ಡನ್ನೋ ವಿದೇಶದಲ್ಲೇ ಒದಗಿಸುವ ಸೇವೆ ಇಟ್ಟುಕೊಂಡಿವೆ. ಬ್ಲಾಕ್ ಮಾಡಿಸುವ ಕರೆಯಲ್ಲೇ ಇದನ್ನು ಕೇಳಿಕೊಳ್ಳುವುದು ಲೇಸು.

ಮನೆಯವರು ಹಣ ಕಳುಹಿಸುವ ದಾರಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಮನಿ ಟ್ರಾನ್ಸ್‌ಫರ್ ಫಲಕ ತೂಗುಹಾಕಿದ ಅಂಗಡಿಗಳಲ್ಲಿ ವಿದೇಶದಿಂದ ಬಂದ ಹಣವನ್ನು ನಿಮಿಷಗಳಲ್ಲಿ ಪಡೆಯಬಹುದಾದ್ದರಿಂದ, ಅದೇ ಕಿಟಕಿಯಿಂದ ಹೊರಕ್ಕೂ ಕಳುಹಿಸಬಹುದೆಂದು ಜನ ಭಾವಿಸುತ್ತಾರೆ. ರಿಸರ್ವ್ ಬ್ಯಾಂಕಿನ ಮನಿ ಟ್ರಾನ್ಸ್‌ಫರ್ ಸರ್ವಿಸ್ ಸ್ಕೀಮ್ ಒಳಬರುವ ಹಣಕ್ಕಷ್ಟೇ ಸೀಮಿತ. ಹೊರಗೆ ಕಳುಹಿಸುವುದು ಉದಾರೀಕೃತ ಹಣ ರವಾನೆ ಯೋಜನೆಯಡಿ, ಅಂದರೆ ಭಾರತದ ನಿವಾಸಿಯೊಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಕಳುಹಿಸಬಹುದಾದ ಏರ್ಪಾಟಿನಡಿ, ಬ್ಯಾಂಕು ಅಥವಾ ಅಧಿಕೃತ ವಿದೇಶಿ ವಿನಿಮಯ ಸಂಸ್ಥೆಯ ಮೂಲಕ, ಪ್ಯಾನ್ ಸಂಖ್ಯೆ ಮತ್ತು ಎ2 ನಮೂನೆ ಕೊಟ್ಟು ಮಾತ್ರ. ಪ್ರವಾಸಿಗೆ ಅಲ್ಲಿ ಬ್ಯಾಂಕ್ ಖಾತೆಯೇ ಇಲ್ಲದಿರುವುದರಿಂದ ಹಣ ಬಂದು ಬೀಳುವ ಜಾಗವೂ ಬೇಕು. ಆ ಊರಿನಲ್ಲಿ ಪರಿಚಯದ ಕನ್ನಡದವರೊಬ್ಬರಿದ್ದರೆ ಕೈಗಡ ಪಡೆದು, ಊರಿಗೆ ಮರಳಿ ಲೆಕ್ಕ ತೀರಿಸುವುದೇ ವ್ಯವಹಾರದಲ್ಲಿ ಸುಲಭವಾದದ್ದು. ಫಾರೆಕ್ಸ್ ಕಾರ್ಡು, ಎಂದರೆ ಮುಂಗಡವಾಗಿ ಡಾಲರ್ ಅಥವಾ ಯೂರೊ ತುಂಬಿಸಿದ ಕಾರ್ಡು ಕೊಂಡವರಿಗೆ ಎಷ್ಟೋ ಸಂಸ್ಥೆಗಳು ಒಂದು ಹೆಚ್ಚುವರಿ ಕಾರ್ಡನ್ನೂ ಕೊಡುತ್ತವೆ. ಎರಡನ್ನೂ ಒಂದೇ ಪರ್ಸಿನಲ್ಲಿಟ್ಟರೆ ಕೊಟ್ಟದ್ದರ ಉದ್ದೇಶವೇ ಹಾಳು.

ದೂರಿನ ಪ್ರತಿ

ಪೊಲೀಸ್ ಠಾಣೆಗೆ ಹೋಗುವುದು ಕಳ್ಳನನ್ನು ಹಿಡಿಸಲಿಕ್ಕಲ್ಲ, ಒಂದು ಕಾಗದ ಪಡೆಯಲಿಕ್ಕೆ. ಆ ಕಾಗದವಿಲ್ಲದೆ ರಾಯಭಾರ ಕಚೇರಿಯಲ್ಲಿ ಕೆಲಸ ಮುಂದೆ ಸಾಗುವುದಿಲ್ಲ, ವಿಮಾ ಕಂಪನಿ ಹಣ ಕೊಡುವುದಿಲ್ಲ, ಊರಿಗೆ ಬಂದ ಮೇಲೆ ಪಾಸ್‌ಪೋರ್ಟ್ ಕಚೇರಿಯೂ ಅದನ್ನೇ ಕೇಳುತ್ತದೆ. ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ಮನೆಯಿಂದಲೇ ದೂರು ದಾಖಲಿಸಿಬಿಟ್ಟರೆ ಸಾಲದೆ ಎಂಬ ಪ್ರಶ್ನೆ ಸಹಜವಾದರೂ, ಅದಿರುವುದು ಇಲ್ಲಿ ಕಳೆದ ವಸ್ತುಗಳಿಗೆ. ವಸ್ತು ಕಳೆದ ಊರಿನ ಠಾಣೆಯ ದೂರೇ ಬೇಕು. ಥಾಯ್ಲೆಂಡಿನಲ್ಲಿ ಪ್ರವಾಸಿ ಪೊಲೀಸರ ಸಂಖ್ಯೆ 1155, ದುಬೈ ಪೊಲೀಸರ ತುರ್ತಲ್ಲದ ಕರೆಗೆ 901, ಬ್ರಿಟನ್ನಿನಲ್ಲಿ 101, ಯೂರೋಪಿನ ಒಕ್ಕೂಟದ ದೇಶಗಳಲ್ಲಿ ತುರ್ತು ಸಂಖ್ಯೆ 112. ದೂರಿನಲ್ಲಿ ಕಳ್ಳತನವೋ ಕಳೆದುಕೊಂಡದ್ದೋ ಎಂಬುದು ಸ್ಪಷ್ಟವಾಗಿರಬೇಕು, ಏಕೆಂದರೆ ವಿಮೆಯ ಷರತ್ತುಗಳು ಈ ಎರಡನ್ನು ಬೇರೆಬೇರೆಯಾಗಿ ಕಾಣುವುದುಂಟು. ಪಾಸ್‌ಪೋರ್ಟ್ ಸಂಖ್ಯೆಯೂ ಕಳೆದ ಪ್ರತಿಯೊಂದು ವಸ್ತುವಿನ ಹೆಸರೂ ಅದರಲ್ಲಿ ನಮೂದಾಗಬೇಕು, ಪ್ರತಿ ಇಂಗ್ಲಿಷಿನಲ್ಲಿ ಸಿಗುವುದೇ ಎಂದು ಅಲ್ಲೇ ಕೇಳಬೇಕು. ಷೆಂಗೆನ್ ವೀಸಾಕ್ಕೆ ಕಡ್ಡಾಯವೆಂದು ವಿಮೆ ಕೊಂಡವರಲ್ಲಿ ಹಲವರು ಅದರೊಳಗೆ ಪಾಸ್‌ಪೋರ್ಟ್ ನಷ್ಟದ ಪರಿಹಾರವೂ ಇರಬಹುದೆಂಬುದನ್ನು ಓದಿರುವುದಿಲ್ಲ. ವಸ್ತು ಕಳೆದುಹೋದ 24 ಗಂಟೆಯೊಳಗೆ ದೂರು ಕೊಟ್ಟಿರಬೇಕೆಂಬುದು ಇಂಥ ಪಾಲಿಸಿಗಳಲ್ಲಿ ಸಾಮಾನ್ಯವಾದ ಷರತ್ತು.

ಇಲ್ಲಿ ಕನ್ನಡಿಗರಿಗೇ ವಿಶಿಷ್ಟವಾದ ತೊಡಕೊಂದಿದೆ. ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಇನಿಷಿಯಲ್ ಆಗಿ ಮುಂದೆಯೋ ಹಿಂದೆಯೋ ಇಟ್ಟುಕೊಳ್ಳುವ ನಮ್ಮ ಪದ್ಧತಿ ಪಾಸ್‌ಪೋರ್ಟಿನಲ್ಲಿ ನಡೆಯುವುದಿಲ್ಲ, ಅಲ್ಲಿ ಇನಿಷಿಯಲ್‌ಗಳನ್ನು ಬಿಡಿಸಿ ಬರೆಯಬೇಕು. ಬ್ಯಾಂಕ್ ಕಾರ್ಡಿನ ಮೇಲಾದರೋ ಇನಿಷಿಯಲ್‌ಗಳೇ ಇರುತ್ತವೆ. ಮನೆತನದ ಹೆಸರಿನ ಜಾಗವನ್ನು ಖಾಲಿ ಬಿಟ್ಟ ಪಾಸ್‌ಪೋರ್ಟುಗಳೂ ಕಡಿಮೆಯಿಲ್ಲ, ಅಂಥವರ ಅಮೆರಿಕನ್ ವೀಸಾದಲ್ಲಿ ಇದ್ದೊಂದು ಹೆಸರು ಮನೆತನದ ಹೆಸರಿನ ಜಾಗಕ್ಕೆ ಸರಿದು, ಸ್ವಂತ ಹೆಸರಿನ ಜಾಗದಲ್ಲಿ ಹೆಸರು ತಿಳಿಯದು ಎಂಬರ್ಥದ ಎಫ್‌ಎನ್‌ಯು ಎಂಬ ಮೂರಕ್ಷರ ಬಂದು ಕೂರುತ್ತದೆ. ಹೀಗೆ ಒಬ್ಬರೇ ವ್ಯಕ್ತಿ ಮೂರು ಕಾಗದಗಳಲ್ಲಿ ಮೂವರಂತೆ ಕಾಣುವಾಗ ವಿದೇಶಿ ಪೊಲೀಸ್ ಸಿಬ್ಬಂದಿ ತಮಗೆ ತೋಚಿದ್ದನ್ನು ಬರೆದುಕೊಳ್ಳುತ್ತಾರೆ. ದೂರಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ, ಅದೇ ಕಾಗುಣಿತದಲ್ಲಿ ಬರುವಂತೆ ನೋಡಿಕೊಳ್ಳದಿದ್ದರೆ ಮುಂದಿನ ಎಲ್ಲ ಕಿಟಕಿಗಳಲ್ಲೂ ಅದೇ ಪ್ರಶ್ನೆ ಎದುರಾಗುತ್ತದೆ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟಗಳ ಒಂದು ಜೆರಾಕ್ಸ್ ಪ್ರತಿ ಇಂಥಲ್ಲಿ ಮಾಡುವ ಉಪಕಾರವನ್ನು ಹತ್ತು ಮಾತುಗಳು ಮಾಡಲಾರವು.

ರಾಯಭಾರ ಕಚೇರಿಯಲ್ಲಿ

ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್, ಎಂದರೆ ರಾಜಧಾನಿಯಲ್ಲದ ದೊಡ್ಡ ಊರುಗಳಲ್ಲಿರುವ ಅದರ ಅಂಗ ಕಚೇರಿ, ಪಾಸ್‌ಪೋರ್ಟ್ ಕಳೆದವರ ಮುಂದೆ ಎರಡು ದಾರಿಗಳನ್ನು ಇಡುತ್ತದೆ. ಒಂದು, ತುರ್ತು ಪ್ರಮಾಣಪತ್ರ; ಇದು ಭಾರತಕ್ಕೆ ಮರಳುವ ಒಂದೇ ಒಂದು ಪ್ರಯಾಣಕ್ಕೆ ಮಾನ್ಯವಾದ ದಾಖಲೆ, ಇದನ್ನು ಹಿಡಿದು ಬೇರೆ ದೇಶಕ್ಕೆ ಪ್ರವಾಸ ಮುಂದುವರಿಸಲಾಗದು. ಇನ್ನೊಂದು, ಕಳೆದುದರ ಬದಲಿಗೆ ಹೊಸ ಪಾಸ್‌ಪೋರ್ಟ್. ವಾರದ ಪ್ರವಾಸಕ್ಕೆ ಹೋದವರಿಗೆ ಮೊದಲನೆಯದು ಸರಿ. ಅಲ್ಲೇ ಓದುತ್ತಿರುವ, ದುಡಿಯುತ್ತಿರುವ, ವಾಸದ ಪರವಾನಗಿ ಪಡೆದಿರುವ ಮಕ್ಕಳು ಮಾತ್ರ ಬೇಗ ಸಿಗುತ್ತದೆಂಬ ಒಂದೇ ಕಾರಣಕ್ಕೆ ತುರ್ತು ಪ್ರಮಾಣಪತ್ರಕ್ಕೆ ಕೈಚಾಚುವುದು ವಿವೇಕವಲ್ಲ: ಅದು ಅವರನ್ನು ಬೆಂಗಳೂರಿಗೆ ತಂದು ಬಿಡುತ್ತದೆ, ವಾಪಸು ಹೋಗಲು ಹೊಸ ಪಾಸ್‌ಪೋರ್ಟೂ ಅದರ ಮೇಲೆ ಹೊಸ ವೀಸಾವೂ ಬೇಕಾಗುತ್ತದೆ. ಅಮೆರಿಕದಲ್ಲಿ ಕಳೆದುಹೋದ ವೀಸಾವನ್ನು ಸಾಮಾನ್ಯವಾಗಿ ಆ ದೇಶದೊಳಗೆ ಮರಳಿ ಕೊಡುವುದಿಲ್ಲ, ಆದರೆ ಅಲ್ಲಿ ಇರಲು ಕೊಟ್ಟ ಅವಧಿಯನ್ನು ಹೇಳುವ ಐ-94 ದಾಖಲೆಯನ್ನು ಆನ್‌ಲೈನಿನಿಂದ ಮತ್ತೆ ಮುದ್ರಿಸಿಕೊಳ್ಳಬಹುದು. ಮಕ್ಕಳ ಮನೆಯಲ್ಲಿರುವ ತಂದೆತಾಯಂದಿರು ವೀಸಾ ಹೋಯಿತೆಂದು ಆ ದಿನವೇ ಗಂಟುಮೂಟೆ ಕಟ್ಟಬೇಕಾಗಿಲ್ಲ.

ಅರ್ಜಿಯನ್ನು ವಿದೇಶಾಂಗ ಸಚಿವಾಲಯದ ಪಾಸ್‌ಪೋರ್ಟ್ ಸೇವಾ ಜಾಲತಾಣದ ರಾಯಭಾರ ಕಚೇರಿ ವಿಭಾಗದಲ್ಲಿ ತುಂಬಿ, ಪೊಲೀಸ್ ದೂರು, ಭಾವಚಿತ್ರ, ಹಳೆಯ ಪಾಸ್‌ಪೋರ್ಟಿನ ಪ್ರತಿ, ಭಾರತೀಯ ಪೌರತ್ವ ತೋರಿಸುವ ದಾಖಲೆ, ಮರುಪ್ರಯಾಣದ ಟಿಕೆಟ್ ಇವುಗಳೊಡನೆ ಕೊಡಬೇಕು. ಅಮೆರಿಕದಂಥ ಕಡೆ ಅರ್ಜಿ ಸ್ವೀಕರಿಸುವ ಕೆಲಸವನ್ನು ಖಾಸಗಿ ಸಂಸ್ಥೆಗೆ ವಹಿಸಿರುವುದರಿಂದ ಹೊರಡುವ ಮೊದಲು ಎಲ್ಲಿಗೆ ಹೋಗಬೇಕೆಂದು ನೋಡಿಕೊಳ್ಳಬೇಕು. ಪ್ರಮಾಣಪತ್ರ ಸಿಕ್ಕರೂ ಕೆಲವು ದೇಶಗಳಲ್ಲಿ ಹೊರಹೋಗುವ ಅನುಮತಿಯನ್ನು ಅಲ್ಲಿನ ವಲಸೆ ಇಲಾಖೆಯಿಂದ ಬೇರೆಯಾಗಿ ಪಡೆಯಬೇಕಾಗುತ್ತದೆ, ಏಕೆಂದರೆ ಒಳಬಂದ ಮುದ್ರೆಯಿದ್ದ ಪುಟ ಹಳೆಯ ಪಾಸ್‌ಪೋರ್ಟಿನೊಂದಿಗೇ ಹೋಗಿದೆ. ವಿಮಾನದ ದಿನಾಂಕ ನಿಗದಿ ಮಾಡುವಾಗ ಈ ಒಂದೆರಡು ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಕು. 2009ರಲ್ಲಿ ಸ್ಥಾಪನೆಯಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಸಂಕಷ್ಟದಲ್ಲಿರುವವರಿಗೆ, ಅವರ ಆರ್ಥಿಕ ಸ್ಥಿತಿ ನೋಡಿ, ನೆರವು ನೀಡುವ ಅವಕಾಶ ಕಚೇರಿಗಳಿಗಿದೆ. ಆದರೆ ಕಾರ್ಡು ಕಳೆದ ಪ್ರವಾಸಿಗೆ ಶಾಪಿಂಗಿನ ಹಣ ಒದಗಿಸುವ ಬ್ಯಾಂಕು ಅದಲ್ಲ. ಅರ್ಜಿಗೆ ಉತ್ತರವೇ ಬರದಿದ್ದರೆ 2015ರಲ್ಲಿ ಆರಂಭವಾದ ಮದದ್ ಜಾಲತಾಣದಲ್ಲಿ ದೂರು ದಾಖಲಿಸಬಹುದು, ಅದನ್ನು ಊರಿನಲ್ಲಿರುವ ಮನೆಯವರೂ ಮಾಡಬಹುದು.

ಕಳೆದುದನ್ನು ತಿಳಿಸುವುದರ ಅರ್ಥವೇನೆಂಬುದಕ್ಕೆ ಜಗತ್ತಿಗೆಲ್ಲ ಪಾಠವಾದ ಒಂದು ಪ್ರಸಂಗವಿದೆ. 2014ರ ಮಾರ್ಚ್ 8ರಂದು ಕಣ್ಮರೆಯಾದ ಮಲೇಷ್ಯಾ ಏರ್‌ಲೈನ್ಸಿನ ಎಂಎಚ್370 ವಿಮಾನದಲ್ಲಿ ಇಬ್ಬರು, ಥಾಯ್ಲೆಂಡಿನಲ್ಲಿ ಕಳುವಾಗಿದ್ದ ಆಸ್ಟ್ರಿಯಾದ ಮತ್ತು ಇಟಲಿಯ ಪಾಸ್‌ಪೋರ್ಟುಗಳ ಮೇಲೆ ಪ್ರಯಾಣಿಸುತ್ತಿದ್ದುದು ಬೆಳಕಿಗೆ ಬಂತು. ಒಡೆಯರಿಬ್ಬರೂ ದೂರು ಕೊಟ್ಟಿದ್ದರು, ಎರಡೂ ಸಂಖ್ಯೆಗಳು ಇಂಟರ್‌ಪೋಲ್ 2002ರಿಂದ ನಡೆಸುತ್ತಿರುವ ಕಳುವಾದ ಮತ್ತು ಕಳೆದ ಪ್ರಯಾಣ ದಾಖಲೆಗಳ ಕೋಶದಲ್ಲಿದ್ದವು. ವಿಮಾನ ನಿಲ್ದಾಣದಲ್ಲಿ ಯಾರೂ ನೋಡಿರಲಿಲ್ಲ. ಆ ಇಬ್ಬರಿಗೂ ವಿಮಾನದ ದುರಂತಕ್ಕೂ ಸಂಬಂಧ ಕಂಡುಬರಲಿಲ್ಲವಾದರೂ, ದೂರು ಕೊಟ್ಟ ನಿಜವಾದ ಒಡೆಯರ ಮೇಲೆ ಸಂಶಯ ಬರದಂತೆ ಕಾಪಾಡಿದ್ದು ಆ ದಾಖಲೆಯೇ. ಇದರ ಇನ್ನೊಂದು ಮುಖವೂ ಇದೆ: ಕಳೆದಿದೆ ಎಂದು ತಿಳಿಸಿದ ಪಾಸ್‌ಪೋರ್ಟ್ ಮರುದಿನ ಹೋಟೆಲಿನ ಹಾಸಿಗೆಯಡಿ ಸಿಕ್ಕಿದರೂ ಅದು ರದ್ದಾದದ್ದೇ, ಅದನ್ನು ಹಿಡಿದು ವಿಮಾನ ಹತ್ತಲು ಹೊರಟರೆ ಸಂಶಯಕ್ಕೊಳಗಾಗುವವರು ಒಡೆಯರೇ. ಆದ್ದರಿಂದ ಚೀಲವನ್ನು ಎರಡು ಸಲ ಕೊಡವಿ ನೋಡಿದ ಬಳಿಕವೇ ದೂರು.

ನೇಪಾಳದ ಮಾತು ಬೇರೆ. ಪಶುಪತಿನಾಥ ದೇವಾಲಯದ ಮುಖ್ಯ ಅರ್ಚಕರು ಕರ್ನಾಟಕದ ಮೂಲದ ಭಟ್ಟರೆಂಬುದು ಕನ್ನಡ ಯಾತ್ರಿಕರಿಗೆ ಹೆಮ್ಮೆಯ ಸಂಗತಿ. ಅಲ್ಲಿಗೆ ವಿಮಾನದಲ್ಲಿ ಹೋಗಲು ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಸಾಕು. ಆಧಾರ್ ಕಾರ್ಡನ್ನು 15 ವರ್ಷದೊಳಗಿನವರಿಗೆ ಮತ್ತು 65 ದಾಟಿದವರಿಗೆ ಮಾತ್ರ ಒಪ್ಪಲಾಗುತ್ತದೆಂದು ಗೃಹ ಸಚಿವಾಲಯ 2019ರಲ್ಲಿ ತಿಳಿಸಿದೆ. ಮತದಾರರ ಚೀಟಿಯೊಂದನ್ನೇ ಒಯ್ದು ಕಳೆದುಕೊಂಡ ನಡುವಯಸ್ಕರು, ಜೇಬಿನಲ್ಲಿ ಆಧಾರ್ ಇದ್ದರೂ, ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿಯ ಮೆಟ್ಟಿಲು ಹತ್ತಬೇಕಾಗುತ್ತದೆ.

ಊರಿಗೆ ಮರಳಿದ ಮೇಲೆ

ವಿಮಾನ ನಿಲ್ದಾಣದ ವಲಸೆ ಕಿಟಕಿಯಲ್ಲಿ ತುರ್ತು ಪ್ರಮಾಣಪತ್ರವನ್ನು ಹಿಂಪಡೆಯುವ ಸಾಧ್ಯತೆಯಿರುವುದರಿಂದ ಅದರ ಚಿತ್ರವೊಂದನ್ನು ಮೊದಲೇ ತೆಗೆದಿಟ್ಟುಕೊಳ್ಳಬೇಕು, ಪೊಲೀಸ್ ದೂರಿನ ಮೂಲ ಪ್ರತಿಯನ್ನು ಯಾರಿಗೂ ಬಿಟ್ಟುಕೊಡಬಾರದು. ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿ ಇರುವುದು ಕೋರಮಂಗಲದಲ್ಲಿ. ಅದರ ಅಧೀನದ ಸೇವಾ ಕೇಂದ್ರವೊಂದರಲ್ಲಿ ದಿನ ನಿಗದಿ ಮಾಡಿಕೊಂಡು ಮರುವಿತರಣೆಗೆ ಅರ್ಜಿ ಹಾಕಬೇಕು. 36 ಪುಟಗಳ ಹೊಸ ಪಾಸ್‌ಪೋರ್ಟಿನ ಶುಲ್ಕ 1,500 ರೂಪಾಯಿಯಾದರೆ, ಕಳೆದುದರ ಬದಲಿಗೆ ಪಡೆಯುವಾಗ ಅದು 3,000. ಹೇಗೆ, ಎಲ್ಲಿ ಕಳೆಯಿತೆಂದು ಹೇಳುವ ಅನುಬಂಧ ಎಫ್ ಎಂಬ ಹೇಳಿಕೆಯನ್ನು 2016ರ ಡಿಸೆಂಬರಿನ ಸುಧಾರಣೆಯ ನಂತರ ಬಿಳಿ ಹಾಳೆಯಲ್ಲೇ ಬರೆದು ಸಹಿ ಮಾಡಿದರಾಯಿತು, ನೋಟರಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಪೊಲೀಸ್ ಪರಿಶೀಲನೆ ಈಗ ವಾಸವಿರುವ ಮನೆಯ ವ್ಯಾಪ್ತಿಯ ಠಾಣೆಯಿಂದ ನಡೆಯುತ್ತದೆ. ರಾಜಾಜಿನಗರದ ಹಳೆಯ ಮನೆ ಮಾರಿ ಕೆಂಗೇರಿಯ ಅಪಾರ್ಟ್‌ಮೆಂಟಿಗೆ ಬಂದವರು ಅರ್ಜಿಯಲ್ಲಿ ಹಳೆಯ ವಿಳಾಸವನ್ನೇ ಬರೆದರೆ ಪರಿಶೀಲನೆಗೆ ಬಂದ ಸಿಬ್ಬಂದಿಗೆ ಅಲ್ಲಿ ಸಿಗುವುದು ಬೇರೆಯವರ ಮನೆ. ಚಾಲನಾ ಪರವಾನಗಿಯೂ ಹೋಗಿದ್ದರೆ ಅದರ ಬದಲಿ ಪ್ರತಿಗೆ ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು; ಈ ಭಾಗದವರ ಕಚೇರಿಗಳು ರಾಜಾಜಿನಗರದ ಕೆಎ-02 ಮತ್ತು ಕೆಂಗೇರಿ ಕಡೆಯವರಿಗೆ ಜ್ಞಾನಭಾರತಿಯ ಕೆಎ-41. ಒಂದು ವರ್ಷದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಕೈಯಲ್ಲಿ ಉಳಿದಿದ್ದರೂ ಮೂಲ ಪರವಾನಗಿ ಇಲ್ಲದೆ ಅದಕ್ಕೆ ಬೆಲೆಯಿಲ್ಲ.

ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ಈ ವಿಷಯಕ್ಕೆ ಅರ್ಧ ಮಾತ್ರ ಒಪ್ಪುತ್ತದೆ, ಏಕೆಂದರೆ ಇಲ್ಲಿ ಬಾಗಿಲು ಹಾಕುವ ಕೀಲಿ ಹಲವೊಮ್ಮೆ ಊರಿನಲ್ಲೇ ಉಳಿದವರ ಕೈಯಲ್ಲಿರುತ್ತದೆ. ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ಜೆರಾಕ್ಸ್, ಎರಡು ಭಾವಚಿತ್ರ, ಕಾರ್ಡುಗಳ ಕೊನೆಯ ನಾಲ್ಕು ಅಂಕಿಗಳು, ಬ್ಯಾಂಕುಗಳ +91 ಸಂಖ್ಯೆಗಳು, ವಿಮಾ ಪಾಲಿಸಿಯ ಸಂಖ್ಯೆ ಇಷ್ಟನ್ನು ಒಂದು ಲಕೋಟೆಯಲ್ಲಿ ಹಾಕಿ, ವಿದೇಶದಿಂದ ಅಪರಾತ್ರಿಯಲ್ಲಿ ಕರೆ ಬಂದರೂ ಎದ್ದು ಫೋನ್ ಎತ್ತುವ ಒಬ್ಬರ ಕೈಗೆ ಕೊಟ್ಟು ಹೋಗಬೇಕು, ಮತ್ತು ಆ ಒಬ್ಬರ ಮೊಬೈಲ್ ಸಂಖ್ಯೆಯನ್ನು ಫೋನಿನ ನೆನಪಿಗೆ ಬಿಡದೆ ಸ್ವಂತ ನೆನಪಿನಲ್ಲಿಟ್ಟುಕೊಳ್ಳಬೇಕು. ಪಿನ್ ಮತ್ತು ಪಾಸ್‌ವರ್ಡುಗಳು ಆ ಲಕೋಟೆಯಲ್ಲಿ ಇರಬಾರದು. ಹೊರಡುವ ವಾರದಲ್ಲಿ ಲಕೋಟೆಯಲ್ಲಿರುವ +91 ಸಂಖ್ಯೆಗೆ ಮನೆಯಿಂದಲೇ ಒಂದು ಸಲ ಕರೆ ಮಾಡಿ, ಅದು ನಿಜಕ್ಕೂ ಕಾರ್ಡು ಬ್ಲಾಕ್ ಮಾಡುವ ವಿಭಾಗಕ್ಕೆ ಹೋಗುತ್ತದೆಯೇ ಎಂದು ಓದುಗರು ಪರೀಕ್ಷಿಸಿ ನೋಡಲಿ.